ಸಿಗರೇಟು ಮತ್ತು ಮೊಡವೆ: ನಿಮ್ಮ ಮುಖದಲ್ಲಿ ನಂಟು ಇದೆಯೇ ಎಂದು ನೋಡುವುದು ಹೇಗೆ, ಬಿಡುವಾಗ ಏನು ಮಾಡಬೇಕು

ಸಿಗರೇಟು ಸೇದುವವರಿಗೆ ಮೊಡವೆ ಜಾಸ್ತಿಯೇ? ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ 896 ಜನರ ಚರ್ಮ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ಹೌದು ಎನ್ನುತ್ತದೆ. ಸೇದುವವರಲ್ಲಿ ಶೇ. 40.8 ಮಂದಿಗೆ ಮೊಡವೆ ಇತ್ತು, ಸೇದದವರಲ್ಲಿ ಶೇ. 25.2 ಮಂದಿಗೆ. ದಿನದ ಸಿಗರೇಟಿನ ಲೆಕ್ಕ ಏರಿದಂತೆ ಮೊಡವೆಯ ತೀವ್ರತೆಯೂ ಏರಿತ್ತು. ಆದರೆ 2006ರಲ್ಲಿ ಇಸ್ರೇಲ್‌ನ 27,083 ಯುವ ಸೈನಿಕರ ದಾಖಲೆ ತೆಗೆದು ನೋಡಿದವರಿಗೆ ಸಿಕ್ಕಿದ್ದು ತದ್ವಿರುದ್ಧ: ತೀವ್ರ ಮೊಡವೆ ಸೇದುವವರಲ್ಲಿ ಶೇ. 0.71, ಸೇದದವರಲ್ಲಿ ಶೇ. 1.01.

ಎರಡೂ ಕಡೆ ಎಣಿಸಿದ್ದು ಒಂದೇ ವಸ್ತುವನ್ನಲ್ಲ. ಹ್ಯಾಂಬರ್ಗ್‌ನಲ್ಲಿ ಸಣ್ಣಪುಟ್ಟ ಮೊಡವೆಯೂ ಲೆಕ್ಕಕ್ಕೆ ಬಂದಿತ್ತು; ಇಸ್ರೇಲಿನವರು ನೋಡಿದ್ದು ಗಂಟುಗಟ್ಟಿ ಕೀವು ತುಂಬುವ ತೀವ್ರ ಬಗೆಯನ್ನು ಮಾತ್ರ. 2009ರಲ್ಲಿ ಇಟಲಿಯ ಚರ್ಮತಜ್ಞರು 25ರಿಂದ 50 ವರ್ಷದ ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ನೋಡಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. ಸೇದುವ ಹೆಂಗಸರಲ್ಲಿ ಕಂಡ ಮೊಡವೆ ಬಹುಪಾಲು ಕೆಂಪಗೆ ಊದಿಕೊಂಡದ್ದಲ್ಲ. ಕೈಯಾಡಿಸಿದರೆ ತರಿತರಿಯಾಗಿ ಸಿಗುವ, ಮುಚ್ಚಿದ ರಂಧ್ರಗಳ ಮೊಡವೆ. ಅದಕ್ಕೆ ಅವರು ಧೂಮಪಾನಿಗಳ ಮೊಡವೆ ಎಂದೇ ಹೆಸರಿಟ್ಟರು.

ಹಾಗಾಗಿ ‘ಸಿಗರೇಟಿನಿಂದಲೇ ನನಗೆ ಮೊಡವೆ’ ಎಂದು ಹೇಳುವ ಮೊದಲು ನಿಮ್ಮ ಮುಖದಲ್ಲಿರುವುದು ಯಾವ ಬಗೆಯದು ಎಂದು ನೋಡಿಕೊಳ್ಳಬೇಕು. ಈ ಲೇಖನದ ಹೆಚ್ಚಿನ ಕೆಲಸ ಅದೇ.

ರಂಧ್ರದೊಳಗೆ ಹೊಗೆಯ ಕೆಲಸ

ಮೊಡವೆಯ ಹಿಂದೆ ನಾಲ್ಕು ಸಂಗತಿಗಳಿವೆ. ಗ್ರಂಥಿಯಿಂದ ಜಿಡ್ಡು ಹೆಚ್ಚು ಒಸರುವುದು. ಕೂದಲ ಬುಡದ ಕೊಳವೆಯಲ್ಲಿ ಸತ್ತ ಕೋಶಗಳು ಉದುರದೆ ಅಂಟಿಕೊಂಡು ಬಾಯಿ ಕಟ್ಟುವುದು. ಒಳಗೆ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುವುದು. ಅದಕ್ಕೆ ದೇಹ ಪ್ರತಿಕ್ರಿಯಿಸಿ ಉರಿಯೂತ ಏಳುವುದು. ಸಿಗರೇಟು ಮುಖ್ಯವಾಗಿ ಕೈಹಾಕುವುದು ಎರಡನೆಯದಕ್ಕೂ ನಾಲ್ಕನೆಯದಕ್ಕೂ, ಅದೂ ಎದುರುಬದುರು ದಿಕ್ಕಿನಲ್ಲಿ.

ಚರ್ಮದ ಮೇಲ್ಪದರದ ಕೋಶಗಳಲ್ಲಿ ನಿಕೋಟಿನ್ ಕೂರುವ ಗ್ರಾಹಕಗಳಿವೆ. ಅವು ಕೆರಳಿದರೆ ಪದರ ದಪ್ಪವಾಗುತ್ತದೆ, ಕೊಳವೆಯ ಬಾಯಿ ಕಟ್ಟುತ್ತದೆ. ಜಿಡ್ಡಿನಲ್ಲಿರುವ ಸ್ಕ್ವಾಲೀನ್ ಎಂಬ ಎಣ್ಣೆ ಹೊಗೆಯಿಂದ ಉತ್ಕರ್ಷಣೆಗೊಂಡು ಕೆಡುತ್ತದೆ, ಕೆಟ್ಟ ಸ್ಕ್ವಾಲೀನ್ ರಂಧ್ರ ಮುಚ್ಚುವುದರಲ್ಲಿ ನಿಸ್ಸೀಮ. ಅದನ್ನು ಕೆಡದಂತೆ ಕಾಯುವ ಇ ಜೀವಸತ್ವ ಸೇದುವವರ ಜಿಡ್ಡಿನಲ್ಲಿ ಕಡಿಮೆ ಇರುವುದನ್ನು ಇಟಲಿಯ ತಂಡ ಗುರುತಿಸಿತ್ತು. ಹೊಗೆಯ ಟಾರ್‌ನಲ್ಲಿರುವ ಕೆಲವು ರಾಸಾಯನಿಕಗಳು ಡಯಾಕ್ಸಿನ್ ಎಂಬ ವಿಷ ಕೆರಳಿಸುವ ಗ್ರಾಹಕವನ್ನೇ ಕೆರಳಿಸುತ್ತವೆ. ಡಯಾಕ್ಸಿನ್ ಮುಖಕ್ಕೆ ಏನು ಮಾಡಬಲ್ಲದು ಎಂಬುದಕ್ಕೆ 2004ರಲ್ಲಿ ವಿಷಪ್ರಾಶನಕ್ಕೆ ಒಳಗಾದ ಉಕ್ರೇನ್‌ನ ನಾಯಕ ವಿಕ್ಟರ್ ಯುಶ್ಚೆಂಕೊ ಅವರ ಚಿತ್ರಗಳೇ ಸಾಕ್ಷಿ. ಸಿಗರೇಟು ಆ ಮಟ್ಟಕ್ಕೆ ಹೋಗುವುದಿಲ್ಲ. ಆದರೂ ಹಾದಿ ಅದೇ.

ಇನ್ನೊಂದು ಕಡೆ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಉರಿಯೂತವನ್ನೂ ಒಂದಿಷ್ಟು ತಗ್ಗಿಸುತ್ತದೆ. ಸೇದುವವರಲ್ಲಿ ಕೆಂಪು ಮೊಡವೆ ಕಡಿಮೆ ಕಾಣಲು ಇದೊಂದು ಕಾರಣವಿರಬಹುದು. ಇದನ್ನು ಓದಿ ಯಾರಾದರೂ ‘ಹಾಗಾದರೆ ಸೇದುವುದು ಒಳ್ಳೆಯದೇ’ ಎಂದುಕೊಂಡರೆ ಅದೇ ಕುಗ್ಗಿದ ರಕ್ತನಾಳದಿಂದ ಗಾಯ ಮಾಯುವುದು ತಡವಾಗುತ್ತದೆ ಎಂಬುದನ್ನೂ ಓದಿಕೊಳ್ಳಲಿ.

ಹಂತ 1: ಅದು ಮೊಡವೆಯೇ, ಯಾವ ಮೊಡವೆ?

ಮುಖ ತೊಳೆದು ಅರ್ಧ ಗಂಟೆ ಬಿಡಿ. ಬೆಳಗಿನ ಹೊತ್ತು ಕಿಟಕಿಗೆ ಪಕ್ಕವಾಗಿ ನಿಲ್ಲಿ, ಬೆಳಕು ಓರೆಯಾಗಿ ಬೀಳಬೇಕು. ಎರಡು ಬೆರಳಲ್ಲಿ ಕೆನ್ನೆಯ ಚರ್ಮವನ್ನು ಮೆಲ್ಲಗೆ ಹಿಗ್ಗಿಸಿ. ನೇರ ಬೆಳಕಿನಲ್ಲಿ ಕಾಣದ, ಸಾಸಿವೆಗಿಂತ ಸಣ್ಣ, ಮೈಬಣ್ಣದ ಗುಳ್ಳೆಗಳು ಆಗ ಎದ್ದು ಕಾಣುತ್ತವೆ. ಅವು ಬಾಯಿ ಮುಚ್ಚಿದ ರಂಧ್ರಗಳು, ಅಂದರೆ ವೈಟ್‌ಹೆಡ್. ಬಾಯಿ ತೆರೆದು ತುದಿ ಕಪ್ಪಾದರೆ ಬ್ಲ್ಯಾಕ್‌ಹೆಡ್. ಆ ಕಪ್ಪು ಕೊಳೆಯಲ್ಲ, ಗಾಳಿ ತಾಗಿದ ಮೆಲನಿನ್, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ವಸ್ತು. ಮುಟ್ಟಿದರೆ ನೋಯುವ ಕೆಂಪು ಗುಳ್ಳೆ, ತುದಿಯಲ್ಲಿ ಕೀವಿರುವುದು, ಆಳದಲ್ಲಿ ಗಂಟಾಗಿರುವುದು ಬೇರೆ ಬೇರೆ ಬಗೆ. ಪ್ರತಿಯೊಂದಕ್ಕೂ ಬೇರೆ ಲೆಕ್ಕ ಇಡಿ.

ಮೂಗಿನ ಮೇಲೆ ಸಾಲಾಗಿ, ಒಂದೇ ಅಳತೆಯಲ್ಲಿರುವ ಬೂದು ಚುಕ್ಕೆಗಳನ್ನು ಎಣಿಸಬೇಡಿ. ಅವು ಎಲ್ಲರ ಮೂಗಿನಲ್ಲೂ ಇರುವ ಜಿಡ್ಡಿನ ಎಳೆಗಳು. ಹಿಂಡಿ ತೆಗೆದರೂ ಕೆಲವೇ ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತವೆ.

ಮೊಡವೆಯಂತೆ ಕಾಣುವ, ಮೊಡವೆಯಲ್ಲದವು ಹಲವಿವೆ. ಹಣೆ, ಎದೆ, ಬೆನ್ನಿನಲ್ಲಿ ಒಂದೇ ಗಾತ್ರದ ಗುಳ್ಳೆಗಳು ಎದ್ದು ತುರಿಸುತ್ತಿದ್ದರೆ ಅದು ಬಹುಶಃ ಶಿಲೀಂಧ್ರದ್ದು. ಮೊಡವೆಯ ಕ್ರೀಮಿಗೆ ಬಗ್ಗುವುದಿಲ್ಲ. ಹಣೆಯ ಮೇಲಂಚಿನಲ್ಲಿ ಮಾತ್ರ ಇದ್ದರೆ ತಲೆಗೆ ಹಚ್ಚುವ ಎಣ್ಣೆಯನ್ನು ಮೊದಲು ಅನುಮಾನಿಸಿ. ದವಡೆ ಮತ್ತು ಗದ್ದದಲ್ಲಿ, ಹೆಲ್ಮೆಟ್ಟಿನ ಪಟ್ಟಿ ಉಜ್ಜುವ ಜಾಗದಲ್ಲಿ ಮಾತ್ರ ಇದ್ದರೆ ಆ ಪಟ್ಟಿ ತೊಳೆದು ಎಷ್ಟು ದಿನವಾಯಿತು ನೋಡಿ. ಹೆಂಗಸರಲ್ಲಿ ದವಡೆಯ ಮೊಡವೆಯ ಜೊತೆ ಮುಟ್ಟು ಏರುಪೇರಾಗಿದ್ದರೆ, ಗದ್ದದಲ್ಲಿ ಕೂದಲು ಬರುತ್ತಿದ್ದರೆ ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನಿನ ತೊಂದರೆ) ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು, ಸಿಗರೇಟಿನ ಮಾತು ಆಮೇಲೆ.

ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಸ್ಟೀರಾಯ್ಡ್ ಕ್ರೀಮು. ಮುಖ ಬೆಳ್ಳಗಾಗಲಿ ಎಂದೋ ಮೊಡವೆಯ ಕಲೆ ಹೋಗಲಿ ಎಂದೋ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಟ್ಯೂಬನ್ನು ತಿರುಗಿಸಿ ಹಿಂಬದಿ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡು. ಮೊದಲ ವಾರ ಮುಖ ಫಳಫಳ ಅನ್ನುತ್ತದೆ, ಆಮೇಲೆ ಒಂದೇ ಬಗೆಯ ಕೆಂಪು ಗುಳ್ಳೆಗಳು ಏಳುತ್ತವೆ, ಬಿಟ್ಟರೆ ಉರಿ, ಹಚ್ಚಿದರೆ ತಾತ್ಕಾಲಿಕ ಶಮನ. ತಿಂಗಳುಗಟ್ಟಲೆ ಹಚ್ಚಿದ್ದರೆ ದಿಢೀರನೆ ನಿಲ್ಲಿಸದೆ ಚರ್ಮದ ಡಾಕ್ಟರರನ್ನು ಕಾಣಿ. ಇಂಥ ಮುಖದಲ್ಲಿ ಸಿಗರೇಟಿನ ಪಾತ್ರ ಹುಡುಕುವುದು ವ್ಯರ್ಥ.

ಕಂಕುಳು, ತೊಡೆಸಂದು, ಸ್ತನದ ಕೆಳಗೆ ಪದೇ ಪದೇ ಕುರುವಿನಂತೆ ಎದ್ದು, ಒಡೆದು, ಅದೇ ಜಾಗದಲ್ಲಿ ಮತ್ತೆ ಏಳುತ್ತಿದ್ದರೆ ಅದು ಹೈಡ್ರಾಡಿನೈಟಿಸ್ ಸಪ್ಪುರಟಿವಾ ಇರಬಹುದು. ಸಿಗರೇಟಿನ ಜೊತೆ ಗಟ್ಟಿ ನಂಟು ಇರುವುದು ಮುಖದ ಮೊಡವೆಗಿಂತ ಈ ಕಾಯಿಲೆಗೆ. ಯುರೋಪಿನ ಅಧ್ಯಯನಗಳಲ್ಲಿ ರೋಗಿಗಳ ಬಹುಪಾಲು ಮಂದಿ ಸೇದುವವರು. ಸಂಕೋಚದಿಂದ ಯಾರಿಗೂ ತೋರಿಸದೆ, ‘ಉಷ್ಣದ ಕುರು’ ಎಂದು ಪಟ್ಟು ಹಾಕಿಕೊಂಡು ವರ್ಷಗಳನ್ನು ಕಳೆಯುವವರಿದ್ದಾರೆ. ಅಷ್ಟರಲ್ಲಿ ಚರ್ಮದಡಿ ಕೊಳವೆಗಳಾಗಿ, ಗಾಯದ ಗುರುತು ಹಗ್ಗದಂತೆ ಗಟ್ಟಿಯಾಗಿರುತ್ತದೆ. ಆರು ತಿಂಗಳಲ್ಲಿ ಎರಡು ಸಲ ಅದೇ ಭಾಗದಲ್ಲಿ ಎದ್ದರೆ ತೋರಿಸಲು ಅಷ್ಟು ಕಾರಣ ಸಾಕು.

ಹಂತ 2: ಎಣಿಸಿ, ಫೋಟೋ ತೆಗೆಯಿರಿ

ನೆನಪು ನಂಬುವಂಥದ್ದಲ್ಲ. ಮುಖವನ್ನು ಹಣೆ, ಎಡಗೆನ್ನೆ, ಬಲಗೆನ್ನೆ, ಮೂಗು, ಗದ್ದ ಎಂದು ಐದು ಭಾಗ ಮಾಡಿ ಪ್ರತಿ ಭಾಗದಲ್ಲೂ ಮುಚ್ಚಿದವು, ಕಪ್ಪು ತುದಿಯವು, ಕೆಂಪಾದವು, ಗಂಟಾದವು ಎಷ್ಟು ಎಂದು ಬರೆದಿಡಿ. ಫೋಟೋ ಮೂರು: ಎದುರಿನಿಂದ ಒಂದು, ಪಕ್ಕದಿಂದ ಎರಡು. ಅದೇ ಕಿಟಕಿ, ಅದೇ ಹೊತ್ತು, ಫೋನಿನ ಹಿಂದಿನ ಕ್ಯಾಮೆರಾ. ಬ್ಯೂಟಿ ಮೋಡ್ ಆಫ್ ಮಾಡಿದ್ದೀರೋ ನೋಡಿಕೊಳ್ಳಿ. ಹಲವು ಫೋನುಗಳ ಮುಂದಿನ ಕ್ಯಾಮೆರಾ ಕೇಳದೆಯೇ ಚರ್ಮ ನುಣುಪು ಮಾಡಿಬಿಡುತ್ತದೆ, ಆಮೇಲೆ ಹೋಲಿಸಲು ಏನೂ ಉಳಿಯುವುದಿಲ್ಲ.

ವಾರದ ಅಂತರದಲ್ಲಿ ಎರಡು ಎಣಿಕೆ ಸಾಕು. ಮುಟ್ಟಿನ ಮುಂಚಿನ ವಾರದಲ್ಲಿ ಮೊಡವೆ ಏರುವುದು ಸಾಮಾನ್ಯ, ಹಾಗಾಗಿ ಹೆಂಗಸರು ಚಕ್ರದ ಅದೇ ದಿನಕ್ಕೆ ಅದೇ ದಿನವನ್ನು ಹೋಲಿಸಬೇಕು. ಒಂದನೇ ತಾರೀಖಿಗೂ ಇಪ್ಪತ್ತಕ್ಕೂ ಹೋಲಿಸಿದರೆ ಸಿಗರೇಟಿನ ಪರಿಣಾಮವಲ್ಲ, ಹಾರ್ಮೋನಿನ ಪರಿಣಾಮ ಅಳೆದಂತಾಗುತ್ತದೆ.

ಸಿಗರೇಟಿನ ಲೆಕ್ಕವನ್ನೂ ಬರೆಯಿರಿ. ಪ್ಯಾಕು ಕೊಳ್ಳುವವರಿಗೆ ಇದು ಸುಲಭ. ಗೂಡಂಗಡಿಯಲ್ಲಿ ಬಿಡಿಯಾಗಿ ಒಂದೊಂದೇ ಕೊಳ್ಳುವವರು, ಗೆಳೆಯರ ಜೊತೆ ಹಂಚಿಕೊಳ್ಳುವವರು ತಾವು ಸೇದುವುದನ್ನು ಯಾವಾಗಲೂ ಕಡಿಮೆಯೇ ಹೇಳುತ್ತಾರೆ. ಹಚ್ಚಿದ ಕೂಡಲೇ ಫೋನಿನಲ್ಲಿ ಗೀಟು ಹಾಕಿ, ಅರ್ಧ ಸೇದಿದ್ದನ್ನೂ. ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಎಂಬುದನ್ನೂ ಬರೆಯಿರಿ. ಬಿಡುವಾಗ ಔಷಧದ ಪ್ರಮಾಣ ನಿರ್ಧಾರವಾಗುವುದು ಅದರ ಮೇಲೆ. ಬೀಡಿ ಸೇದುವವರೂ ಇದೇ ಲೆಕ್ಕಕ್ಕೆ ಸೇರಿದವರು. ಎಲೆಯಲ್ಲಿ ಸುತ್ತಿದ್ದು ಎಂಬ ಮಾತ್ರಕ್ಕೆ ಅದರ ಟಾರು, ನಿಕೋಟಿನ್ ಕಡಿಮೆಯಲ್ಲ.

ಈ ಎರಡು ವಾರದಲ್ಲಿ ಹೊಸ ಫೇಸ್‌ವಾಶು, ಹೊಸ ಎಣ್ಣೆ, ಹೊಸ ಪ್ರೋಟೀನ್ ಪುಡಿ ಶುರು ಮಾಡಬೇಡಿ. ಜಿಮ್ಮಿಗೆ ಹೋಗುವವರು ಕುಡಿಯುವ ವೇ ಪ್ರೋಟೀನಿನಿಂದ ಮೊಡವೆ ಏಳುವುದು ಅಪರೂಪವಲ್ಲ.

ಫಲಿತಾಂಶವನ್ನು ಹೀಗೆ ಓದಿ: 25 ದಾಟಿದ್ದೀರಿ, ಹದಿಹರೆಯದಲ್ಲಿ ಇಷ್ಟು ಇರಲಿಲ್ಲ, ಬಹುಪಾಲು ಮುಚ್ಚಿದ ರಂಧ್ರಗಳೇ, ಕೆನ್ನೆಯ ಮೇಲೂ ಹರಡಿವೆ, ದಿನಕ್ಕೆ ಹಲವು ಸಿಗರೇಟು ಹೋಗುತ್ತಿದೆ. ಹಾಗಿದ್ದರೆ ಹೊಗೆಯ ಪಾಲು ಇರುವ ಸಾಧ್ಯತೆ ಹೆಚ್ಚು. ವಯಸ್ಸು 17, ಹಣೆ ಮೂಗೆಲ್ಲ ಜಿಡ್ಡು, ಅಪ್ಪನಿಗೂ ಆ ವಯಸ್ಸಿನಲ್ಲಿ ಇತ್ತು ಎಂದಾದರೆ ಕಾರಣ ಹಾರ್ಮೋನು ಮತ್ತು ವಂಶ. ಸಿಗರೇಟು ಬಿಡಲೇಬೇಕು, ಆದರೆ ಬಿಟ್ಟರೆ ಮೊಡವೆ ಹೋಗುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಹಂತ 3: ಮೊಡವೆಯ ಚಿಕಿತ್ಸೆ ತಡ ಮಾಡಬೇಡಿ

ಸಿಗರೇಟಿನ ಪಾತ್ರವನ್ನು ಕರಾರುವಾಕ್ಕಾಗಿ ತಿಳಿಯಬೇಕೆಂದರೆ ಬೇರೇನೂ ಬದಲಿಸದೆ ಅದೊಂದನ್ನೇ ಬಿಟ್ಟು ಮೂರು ತಿಂಗಳು ಕಾಯಬೇಕು. ಮುಖ ತಿಳಿಯಾಗಬೇಕೆಂದರೆ ಬಿಡುವುದನ್ನೂ ಹಚ್ಚುವುದನ್ನೂ ಒಟ್ಟಿಗೆ ಶುರು ಮಾಡಬೇಕು. ಯಾವುದರಿಂದ ಎಷ್ಟು ಗುಣ ಎಂದು ಆಮೇಲೆ ಬಿಡಿಸಲಾಗದು. ಎರಡನೆಯದೇ ಜಾಣತನ. ಕಾಯುವ ಮೂರು ತಿಂಗಳಲ್ಲಿ ಬೀಳುವ ಗುಳಿ, ಕಲೆ ಹಿಂದಕ್ಕೆ ಹೋಗುವುದಿಲ್ಲ.

ಮುಚ್ಚಿದ ರಂಧ್ರಗಳಿಗೆ ಬುನಾದಿ ಔಷಧ ಅಡಾಪಲೀನ್ ಶೇ. 0.1 ಜೆಲ್. ಡಾಕ್ಟರರನ್ನು ಕೇಳಿ ಶುರು ಮಾಡಿ. ಬಸುರಿಯರು, ಮಗು ಬಯಸುತ್ತಿರುವವರು ಬಳಸಬಾರದು, ಅವರಿಗೆ ಅಜೆಲಾಯಿಕ್ ಆಸಿಡ್ ಇದೆ. ರಾತ್ರಿ ಮುಖ ತೊಳೆದು ಒರೆಸಿ, 20 ನಿಮಿಷ ಪೂರ್ತಿ ಒಣಗಲು ಬಿಡಿ. ಹಸಿ ಚರ್ಮಕ್ಕೆ ಹಚ್ಚಿದರೆ ಉರಿ ಹೆಚ್ಚು. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು: ಹಣೆ, ಎರಡು ಕೆನ್ನೆ, ಗದ್ದಕ್ಕೆ ಚುಕ್ಕೆ ಇಟ್ಟು ತೆಳ್ಳಗೆ ಹರಡಿ. ಕಣ್ಣಿನ ಸುತ್ತ, ಮೂಗಿನ ಮಡಿಕೆ, ತುಟಿಯ ಮೂಲೆ ಬಿಡಿ. ಮೊದಲ ಎರಡು ವಾರ ಎರಡು ದಿನಕ್ಕೊಮ್ಮೆ, ಮೇಲೊಂದು ಮಾಯಿಶ್ಚರೈಸರ್, ಸಹಿಸಿಕೊಂಡರೆ ದಿನವೂ. ಜನ ಮಾಡುವ ತಪ್ಪು ಎದ್ದ ಮೊಡವೆಯ ಮೇಲೆ ಮಾತ್ರ ಹಚ್ಚುವುದು. ಈ ಔಷಧದ ಕೆಲಸ ಇನ್ನೂ ಕಾಣದ ರಂಧ್ರಗಳ ಮೇಲೆ, ಆದ್ದರಿಂದ ಮೊಡವೆ ಬರುವ ಇಡೀ ಜಾಗಕ್ಕೆ ಹಚ್ಚಬೇಕು. ಎರಡನೇ ಮೂರನೇ ವಾರದಲ್ಲಿ ಸಿಪ್ಪೆ ಏಳುತ್ತದೆ, ಕೆಲವರಿಗೆ ಗುಳ್ಳೆ ಹೆಚ್ಚಿದಂತೆ ಕಾಣುತ್ತದೆ. ಬಹಳಷ್ಟು ಜನ ಬಿಟ್ಟುಬಿಡುವುದು ಅಲ್ಲಿಯೇ.

ಕೆಂಪು, ಕೀವಿನ ಮೊಡವೆಯೂ ಇದ್ದರೆ ಬೆಳಗ್ಗೆ ಬೆಂಜಾಯಿಲ್ ಪೆರಾಕ್ಸೈಡ್ ಶೇ. 2.5. ಶೇ. 10ರದ್ದು ಇದಕ್ಕಿಂತ ಹೆಚ್ಚು ಗುಣ ಕೊಡುವುದಿಲ್ಲ, ಉರಿ ಮಾತ್ರ ಹೆಚ್ಚು. ಟವೆಲು, ದಿಂಬಿನ ಚೀಲ, ಶರ್ಟಿನ ಕಾಲರು ಬಣ್ಣ ಬಿಡುತ್ತವೆ, ಬಿಳಿಯದನ್ನೇ ಬಳಸಿ. ಕ್ಲಿಂಡಾಮೈಸಿನ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಬೇಡಿ. ಜೊತೆಗೆ ಬೆಂಜಾಯಿಲ್ ಪೆರಾಕ್ಸೈಡ್ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಔಷಧಕ್ಕೆ ಒಗ್ಗಿಹೋಗುತ್ತದೆ. ಸ್ಪಿರಿಟ್ ಇರುವ ಲೋಷನ್ ಹಚ್ಚಿ ಒಣಗುವ ಮೊದಲೇ ಬೆಂಕಿಕಡ್ಡಿ ಗೀರುವುದು ಅಪಾಯ. ಪ್ಯಾರಾಫಿನ್ ಮುಲಾಮು ಮೆತ್ತಿಕೊಂಡ ಬಟ್ಟೆ, ದಿಂಬಿಗೂ ಕಿಡಿ ಬಿದ್ದರೆ ಬೇಗ ಹೊತ್ತಿಕೊಳ್ಳುತ್ತದೆ.

ಹಗಲು ಸನ್‌ಸ್ಕ್ರೀನ್. ನಮ್ಮ ಮೈಬಣ್ಣದಲ್ಲಿ ಮೊಡವೆ ಹೋದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಬಿಸಿಲು ಅದನ್ನು ಇನ್ನೂ ಗಾಢ ಮಾಡುತ್ತದೆ. ನಿಂಬೆರಸ, ಟೂತ್‌ಪೇಸ್ಟು, ಅಡುಗೆ ಸೋಡ ಮುಖಕ್ಕೆ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುವುದೂ ಉಂಟು.

ಹಂತ 4: ಸಿಗರೇಟು ಬಿಡುವ ಕ್ರಮ

20 ಇದ್ದದ್ದನ್ನು 8ಕ್ಕೆ ಇಳಿಸಿದವರು ಪ್ರತಿ ಸಿಗರೇಟನ್ನೂ ಗೊತ್ತಿಲ್ಲದೆಯೇ ಇನ್ನಷ್ಟು ಆಳವಾಗಿ, ತುದಿಯವರೆಗೆ ಎಳೆಯುತ್ತಾರೆ. ಮೈಗೆ ಸೇರುವ ಹೊಗೆ ಆ ಲೆಕ್ಕದಲ್ಲಿ ಇಳಿಯುವುದಿಲ್ಲ. ‘ಲೈಟ್’ ಎಂದು ಮಾರಿದ ಸಿಗರೇಟಿನ ಕಥೆಯೂ ಅದೇ. ಆದ್ದರಿಂದ ಎರಡು ವಾರದೊಳಗೆ ಒಂದು ದಿನ ಗೊತ್ತು ಮಾಡಿ, ಅಂದಿನಿಂದ ಪೂರ್ತಿ ನಿಲ್ಲಿಸಿ. ಇ-ಸಿಗರೇಟು ಭಾರತದಲ್ಲಿ 2019ರಿಂದ ನಿಷಿದ್ಧ, ಅದು ದಾರಿಯಲ್ಲ. ಗುಟ್ಕಾ, ಪಾನ್ ಮಸಾಲೆಗೆ ದಾಟಿಕೊಳ್ಳುವುದು ಅದಕ್ಕಿಂತ ಕೆಟ್ಟದ್ದು.

ಬರೇ ಮನೋಬಲದ ಮೇಲೆ ಬಿಡಬೇಕೆಂಬ ಹಟ ಬೇಡ. ನಿಕೋಟಿನ್ ಗಮ್ 2 ಮತ್ತು 4 ಮಿ.ಗ್ರಾಂ. ಎರಡರಲ್ಲೂ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4, ಉಳಿದವರಿಗೆ 2. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ದಿನಕ್ಕೆ 24 ದಾಟಬಾರದು.

ಗಮ್ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಅನೇಕರು ಅದನ್ನು ಚ್ಯೂಯಿಂಗ್ ಗಮ್ಮಿನ ಹಾಗೆ ಅಗಿದಿರುತ್ತಾರೆ. ನಿಧಾನ ಅಗಿಯಿರಿ, ನಾಲಿಗೆಗೆ ಖಾರದ ಚುರುಕು ಹತ್ತಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಟ್ಟುಕೊಳ್ಳಿ. ಚುರುಕು ಇಳಿದ ಮೇಲೆ ಮತ್ತೆ ನಾಲ್ಕೈದು ಸಲ ಅಗಿದು ಇನ್ನೊಂದು ಬದಿಗೆ ಇಡಿ. ಹೀಗೆ ಅರ್ಧ ಗಂಟೆ. ಒಂದೇ ಸಮನೆ ಅಗಿದರೆ ನಿಕೋಟಿನ್ ಜೊಲ್ಲಿನೊಂದಿಗೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ, ವಾಕರಿಕೆ. ಕಾಫಿ, ಹಣ್ಣಿನ ರಸ, ಸೋಡಾ ಕುಡಿದು 15 ನಿಮಿಷ ಗಮ್ ಹಾಕಿಕೊಳ್ಳಬೇಡಿ, ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಹೀರಿಕೆಯಾಗುವುದಿಲ್ಲ.

ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಬಳಸುವವರು ದಿನಕ್ಕೆ 10ಕ್ಕಿಂತ ಹೆಚ್ಚು ಸೇದುತ್ತಿದ್ದರೆ 21 ಮಿ.ಗ್ರಾಂ. ಆರು ವಾರ, ಆಮೇಲೆ 14 ಎರಡು ವಾರ, 7 ಎರಡು ವಾರ. ಬೆನ್ನು, ಭುಜದಲ್ಲಿ ಮೊಡವೆ ಇರುವವರು ಅಲ್ಲಿ ಅಂಟಿಸಬೇಡಿ. ಜಿಡ್ಡಿನ ಮೇಲೆ ಅಂಟು ನಿಲ್ಲದು, ಗುಳ್ಳೆಯೂ ಕೆರಳುತ್ತದೆ. ರಟ್ಟೆಯ ಹೊರಭಾಗದ ಕೂದಲಿಲ್ಲದ ಒಣ ಚರ್ಮ ಸರಿ, ದಿನವೂ ಜಾಗ ಬದಲಿಸಿ. ಇತ್ತೀಚೆಗೆ ಹೃದಯಾಘಾತ ಆದವರು, ಬಸುರಿಯರು, 18ರೊಳಗಿನವರು ಡಾಕ್ಟರರನ್ನು ಕೇಳದೆ ಇವನ್ನು ಬಳಸಬಾರದು. ಸಿಗರೇಟು ಬಿಡಲು ನೆರವಾಗುವ ವರೆನಿಕ್ಲಿನ್, ಬುಪ್ರೊಪಿಯಾನ್ ಮಾತ್ರೆಗಳಿಗೆ ಡಾಕ್ಟರರ ಚೀಟಿ ಬೇಕು.

ಗಮ್ಮಿನಲ್ಲೂ ನಿಕೋಟಿನ್ ಇದೆ, ಅದು ರಂಧ್ರ ಮುಚ್ಚದೇ ಎಂಬ ಪ್ರಶ್ನೆ ಏಳುತ್ತದೆ. ಹೊಗೆ ಹೋದ ಮೇಲೆ ಟಾರು, ಸ್ಕ್ವಾಲೀನ್ ಕೆಡಿಸುವ ವಸ್ತುಗಳು ಹೋದವು. ನಿಕೋಟಿನ್ ಸಿಗರೇಟಿಗಿಂತ ನಿಧಾನವಾಗಿ, ಕಡಿಮೆ ಏರುತ್ತದೆ, ಮೂರು ತಿಂಗಳಲ್ಲಿ ಅದೂ ನಿಲ್ಲುತ್ತದೆ. ಮೊಡವೆಗೆ ಹೆದರಿ ಗಮ್ ಬಿಟ್ಟು ಸಿಗರೇಟಿಗೆ ಮರಳುವುದು ಎಲ್ಲ ಲೆಕ್ಕದಲ್ಲೂ ನಷ್ಟ.

ಕನ್ನಡದಲ್ಲೇ ಮಾತಾಡಿ ಸಲಹೆ ಪಡೆಯಬೇಕೆಂದರೆ ರಾಷ್ಟ್ರೀಯ ತಂಬಾಕು ಸಹಾಯವಾಣಿ 1800-11-2356, ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಾದೇಶಿಕ ಕೇಂದ್ರಗಳಲ್ಲೊಂದು.

ಕಾಫಿ ಅರ್ಧ ಮಾಡಿ

ಬಿಟ್ಟ ಮೊದಲ ವಾರದ ಕೈನಡುಕ, ನಿದ್ದೆಗೇಡು, ಎದೆ ಡವಡವ ಎಲ್ಲವೂ ನಿಕೋಟಿನ್ ಇಲ್ಲದ್ದಕ್ಕಲ್ಲ. ಹೊಗೆಯ ಟಾರು ಯಕೃತ್ತಿನ ಒಂದು ಕಿಣ್ವವನ್ನು ಚುರುಕು ಮಾಡಿರುತ್ತದೆ, ಅದು ಕೆಫೀನನ್ನು ಬೇಗ ಬೇಗ ಒಡೆಯುತ್ತಿರುತ್ತದೆ. ಸಿಗರೇಟು ನಿಂತು ವಾರದೊಳಗೆ ಕಿಣ್ವ ಮಾಮೂಲಿಗೆ ಬರುತ್ತದೆ. ಅದೇ ನಾಲ್ಕು ಲೋಟ ಫಿಲ್ಟರ್ ಕಾಫಿ ಈಗ ರಕ್ತದಲ್ಲಿ ಸುಮಾರು ಎರಡರಷ್ಟು ಹೊತ್ತು ಉಳಿಯುತ್ತದೆ. ನಾಲ್ಕನ್ನು ಎರಡು ಮಾಡಿ, ಇಲ್ಲವೇ ಬೈಟು ಹೇಳಿ, ಮಧ್ಯಾಹ್ನದ ಮೇಲೆ ನಿಲ್ಲಿಸಿ. ಕಾಫಿಯ ಜೊತೆಗೇ ಸೇದುವ ಅಭ್ಯಾಸ ಇದ್ದವರಿಗೆ ಇದರಿಂದ ಇನ್ನೊಂದು ಲಾಭವೂ ಇದೆ. ನಿಕೋಟಿನ್ ಗಮ್ಮಿನಿಂದ ಈ ಕಿಣ್ವ ಚುರುಕಾಗುವುದಿಲ್ಲ, ಆದ್ದರಿಂದ ಗಮ್ ಅಗಿಯುವವರಿಗೂ ಇದೇ ಮಾತು. ಥಿಯೋಫಿಲಿನ್, ಕ್ಲೊಜಪಿನ್, ಒಲಾಂಜಪಿನ್ ಮಾತ್ರೆ ನುಂಗುವವರು ಸಿಗರೇಟು ಬಿಡುವ ಮೊದಲೇ ತಮ್ಮ ಡಾಕ್ಟರರಿಗೆ ಹೇಳಬೇಕು. ಅವುಗಳ ಮಟ್ಟವೂ ಹೀಗೆಯೇ ಏರುತ್ತದೆ.

ಬಿಟ್ಟ ಮೇಲೆ ಮೊಡವೆ ಹೆಚ್ಚಿತು ಎಂದರೆ

ಮೊದಲ ತಿಂಗಳಲ್ಲಿ ಕೆಲವರಿಗೆ ಕೆಂಪು ಗುಳ್ಳೆ ಹೆಚ್ಚುತ್ತದೆ. ‘ವಿಷ ಹೊರಗೆ ಹೋಗುತ್ತಿದೆ’ ಎಂಬ ವಿವರಣೆಗೆ ಆಧಾರವಿಲ್ಲ, ವಿಷ ಮೊಡವೆಯ ಮೂಲಕ ಹೊರಗೆ ಹೋಗುವುದಿಲ್ಲ. ನಿಜವಾದ ಕಾರಣಗಳು ಹೆಚ್ಚು ಸರಳ.

ಬಾಯಿಗೆ ಏನಾದರೂ ಬೇಕೆನಿಸಿ ಮಿಠಾಯಿ, ಬಿಸ್ಕತ್ತು, ಬೇಕರಿ ಬನ್ನು ಒಳಗೆ ಹೋಗುತ್ತಿರುತ್ತದೆ. ರಕ್ತದ ಸಕ್ಕರೆಯನ್ನು ಬೇಗ ಏರಿಸುವ ತಿಂಡಿಗೂ ಮೊಡವೆಗೂ ಇರುವ ನಂಟು ಸಿಗರೇಟಿನದಕ್ಕಿಂತ ಗಟ್ಟಿಯಾಗಿದೆ. ಹುರಿಗಡಲೆ, ಶೇಂಗಾ, ಸೌತೆಕಾಯಿ, ಸೋಂಪು ಜೇಬಿನಲ್ಲಿರಲಿ. ಎರಡನೆಯದು, ಸಿಗರೇಟು ಹಿಡಿಯುತ್ತಿದ್ದ ಕೈ ಖಾಲಿಯಾಗಿ ಮುಖದ ಮೇಲೆ ಓಡಾಡುತ್ತದೆ, ಗುಳ್ಳೆ ಚಿವುಟುತ್ತದೆ. ಚಿವುಟುವ ಚಪಲ ಇದ್ದವರು ಕೀವಿನ ಮೊಡವೆಗೆ ಪಿಂಪಲ್ ಪ್ಯಾಚ್ ಅಂಟಿಸಿಬಿಡಿ, ಉಗುರು ಮೋಟಾಗಿ ಕತ್ತರಿಸಿ. ಸೇದಬೇಕೆಂಬ ಸೆಳೆತ ಒಮ್ಮೆ ಎದ್ದರೆ ನಾಲ್ಕೈದು ನಿಮಿಷ ಇದ್ದು ಇಳಿಯುತ್ತದೆ. ಆ ಹೊತ್ತಿಗೆ ಕೈಗೊಂದು ಕೆಲಸ ಬೇಕು. ಮೂರನೆಯದು ನಿದ್ದೆ, ಅದಕ್ಕೆ ಕಾಫಿಯ ಮಾತು ಮೇಲೆ ಬಂತು. ಉರಿಯೂತ ಅದುಮಿಟ್ಟಿದ್ದ ನಿಕೋಟಿನ್ ಹೋಗಿದ್ದೂ ಒಂದಿಷ್ಟು ಕಾರಣವಾಗಿರಬಹುದು. ಬಾಯಲ್ಲಿ ಹುಣ್ಣು ಏಳುವುದೂ ಈ ದಿನಗಳಲ್ಲಿ ಸಾಮಾನ್ಯ, ಕೆಲವು ವಾರದಲ್ಲಿ ಹೋಗುತ್ತದೆ.

ನಾಲ್ಕನೇ, ಎಂಟನೇ, ಹನ್ನೆರಡನೇ ವಾರ ಮತ್ತೆ ಎಣಿಸಿ, ಅದೇ ಕಿಟಕಿಯಲ್ಲಿ. ರಂಧ್ರದೊಳಗೆ ಕಟ್ಟಲು ಶುರುವಾದದ್ದು ಕಣ್ಣಿಗೆ ಕಾಣುವ ಮೊಡವೆಯಾಗಲು ವಾರಗಳೇ ಹಿಡಿಯುತ್ತವೆ, ಹಾಗಾಗಿ ಮೊದಲ ತಿಂಗಳ ಮೊಡವೆ ಸಿಗರೇಟು ಸೇದುತ್ತಿದ್ದ ದಿನಗಳ ಬಾಕಿ. ನಾಲ್ಕನೇ ವಾರದ ಲೆಕ್ಕ ನೋಡಿ ತೀರ್ಮಾನಿಸಬೇಡಿ. ಹನ್ನೆರಡನೇ ವಾರಕ್ಕೆ ಮುಚ್ಚಿದ ರಂಧ್ರಗಳು ಚೆನ್ನಾಗಿ ಇಳಿದಿದ್ದರೆ ಹಚ್ಚುವುದನ್ನು ಮುಂದುವರಿಸಿ. ಏನೂ ಬದಲಾಗದಿದ್ದರೆ ನಿಮ್ಮ ಮೊಡವೆಗೆ ಹೊಗೆ ಮುಖ್ಯ ಕಾರಣವಲ್ಲ, ಔಷಧ ಬದಲಿಸುವ ಹೊತ್ತು ಬಂದಿದೆ.

ಡಾಕ್ಟರರ ಮುಂದೆ ಮುಚ್ಚಿಡಬಾರದ್ದು

ಗಂಟು ಮೊಡವೆ, ಗುಳಿ ಬೀಳುತ್ತಿರುವ ಮುಖ, ಬೆನ್ನು ತುಂಬ ಹರಡಿದ್ದು, ಇವಕ್ಕೆ ಹನ್ನೆರಡು ವಾರ ಕಾಯಬೇಡಿ. ಮೊದಲ ದಿನವೇ ಚರ್ಮರೋಗ ತಜ್ಞರಲ್ಲಿಗೆ ಹೋಗಿ. ಹಚ್ಚಿರುವ ಎಲ್ಲ ಟ್ಯೂಬುಗಳನ್ನೂ, ಎಣಿಕೆಯ ಹಾಳೆಯನ್ನೂ ಒಯ್ಯಿರಿ, ಸಿಗರೇಟಿನ ನಿಜವಾದ ಲೆಕ್ಕ ಹೇಳಿ. ಮನೆಯವರು ಜೊತೆಗಿದ್ದರೆ ಅವರನ್ನು ಎರಡು ನಿಮಿಷ ಹೊರಗೆ ಕೂರಲು ಹೇಳುವಂತೆ ಡಾಕ್ಟರರನ್ನೇ ಕೇಳಬಹುದು.

ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್ ಮಾತ್ರೆ ಬರೆದುಕೊಟ್ಟರೆ ಊಟದ ಜೊತೆ ನುಂಗಬೇಕು, ಮೊದಲೇ ಯಕೃತ್ತು ಮತ್ತು ಕೊಬ್ಬಿನ ರಕ್ತಪರೀಕ್ಷೆ ಆಗಬೇಕು. ಹೆಂಗಸರು ಚಿಕಿತ್ಸೆಯ ಕಾಲದಲ್ಲೂ ನಿಲ್ಲಿಸಿದ ಒಂದು ತಿಂಗಳವರೆಗೂ ಬಸುರಾಗಲೇಬಾರದು, ಮಗುವಿಗೆ ಗಂಭೀರ ಊನ ಬರುವ ಅಪಾಯ ಹೆಚ್ಚು. ಈ ಮಾತ್ರೆ ನುಂಗುತ್ತಾ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ನುಂಗುವಂತಿಲ್ಲ. ತುಟಿ ಒಣಗಿ ಬಿರಿಯುತ್ತದೆ. ಆಗಲೂ ಸೇದುವವರಿಗೆ ಸಿಗರೇಟಿನ ಕಾಗದ ತುಟಿಗಂಟಿ ಸಿಪ್ಪೆ ಕಿತ್ತುಬರುತ್ತದೆ. ಗುಳಿಗಳಿಗೆ ಲೇಸರ್, ಸಬ್‌ಸಿಶನ್ (ಗುಳಿಯಡಿಯ ಎಳೆಗಳನ್ನು ಸೂಜಿಯಿಂದ ಬಿಡಿಸುವುದು), ಆಳವಾದ ಪೀಲ್ (ರಾಸಾಯನಿಕ ಹಚ್ಚಿ ಚರ್ಮದ ಪದರ ಸುಲಿಯುವುದು) ಮಾಡಿಸುವವರಿಗೆ ಕೆಲವು ವಾರ ಮುಂಚೆಯೇ ಸಿಗರೇಟು ನಿಲ್ಲಿಸಲು ಹೇಳುತ್ತಾರೆ. ನಿಲ್ಲಿಸದಿದ್ದರೆ ಗಾಯ ಮಾಯದೆ ಹೊಸ ಕಲೆ ಬಿದ್ದು, ಕೊಟ್ಟ ದುಡ್ಡು ವ್ಯರ್ಥ.

ಮೊಡವೆಗೆಂದು ಗರ್ಭನಿರೋಧಕ ಮಾತ್ರೆ ಬರೆಸಿಕೊಳ್ಳುವ ಹೆಂಗಸರು ಮಾತ್ರ ಸಿಗರೇಟಿನ ಸಂಗತಿಯನ್ನು ಯಾವ ಕಾರಣಕ್ಕೂ ಮುಚ್ಚಿಡಬಾರದು. ಈಸ್ಟ್ರೋಜನ್ ಇರುವ ಮಾತ್ರೆ ಮತ್ತು ಹೊಗೆ ಸೇರಿದರೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಏರುತ್ತದೆ. 35 ವರ್ಷ ತುಂಬಿ ದಿನಕ್ಕೆ 15 ಅಥವಾ ಹೆಚ್ಚು ಸೇದುವವರು ಇವನ್ನು ನುಂಗಲೇಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. 15ಕ್ಕಿಂತ ಕಡಿಮೆ ಸೇದುವವರಿಗೂ ಆ ವಯಸ್ಸಿನಲ್ಲಿ ಸಾಮಾನ್ಯವಾಗಿ ಬೇಡ ಎನ್ನುತ್ತದೆ. ಈಗಾಗಲೇ ನುಂಗುತ್ತಿದ್ದು ಒಂದೇ ಕಾಲು ಊದಿ ನೋಯುವುದು, ಎದೆನೋವು, ದಿಢೀರ್ ಉಸಿರುಗಟ್ಟುವುದು, ಮಾತು ತೊದಲುವುದು ಕಂಡರೆ ಚರ್ಮದ ಡಾಕ್ಟರರ ಅಪಾಯಿಂಟ್‌ಮೆಂಟಿಗೆ ಕಾಯದೆ ನೇರ ತುರ್ತು ಚಿಕಿತ್ಸೆಗೆ ಹೋಗಿ, ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ.